ಕುಮಟಾದ ಕಡಲಲ್ಲಿ ನಡೆದದ್ದು

ಬ್ಯಾಡಗಿ
೧೪-೫-೧೯೮೯, ರವಿವಾರ

ಪ್ರೀತಿಯ ಅಣ್ಣಾ,

ನಿನ್ನ ಕಿವಿನೋವು ಈಗ ಹೇಗಿದೆ? ಮಿಲಿಟರಿ ಆಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡೆ ಎಂದು ಹೋದ ಪತ್ರದಲ್ಲಿ ಒಂದೇ ಸಾಲು ಬರೆದು ಮುಗಿಸಿದ್ದೆ. ಕಡಿಮೆಯಾಗಿದ್ದರೆ ಆಗಿದೆ ಎಂದಾದರೂ ಬರೆ. ರೇಡಿಯೋದಲ್ಲಿ ಜಬಲ್ಪುರದ ಕಡೆಯ ಬಿಸಿಲಿನ ಸುದ್ದಿ ಬಂದಾಗಲೆಲ್ಲ ಅವ್ವ ಎದ್ದು ಹೋಗಿ ಒಂದು ತಂಬಿಗೆ ನೀರು ಕುಡಿದು ಬರುತ್ತಾಳೆ, ನಿನ್ನ ಬಾಯಾರಿಕೆ ಇಲ್ಲಿಂದಲೇ ತೀರುತ್ತದೆ ಎನ್ನುವ ಹಾಗೆ. ಅವಳ ಮೊಣಕಾಲು ನೋವು ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ವೈನಿ ಆರಾಮ ಇದ್ದಾರೆ.

ಅವ್ವ ಬರೆಸಿದ ಪತ್ರ ಇಷ್ಟು ಹೊತ್ತಿಗೆ ನಿನಗೆ ಮುಟ್ಟಿರಬೇಕು. ಯಾವಾಗಲೂ ಅವ್ವ ಹೇಳಿದ್ದನ್ನು ಬರೆಯುವವಳು ನಾನು. ಈ ಸಲ ಪಕ್ಕದ ಮನೆಯ ಶಂಕ್ರಪ್ಪ ಮಾಸ್ತರ ಅಕ್ಷರ ಯಾಕೆ ಬಂತು ಎಂದು ನೀನು ಯೋಚಿಸಿರಬಹುದು. ಸಮುದ್ರದಲ್ಲಿ ಕೊಚ್ಚಿ ಹೋಗುತ್ತಿದ್ದ ನಿನ್ನ ಹೆಂಡತಿಯನ್ನು ನಮ್ಮ ಜಯವ್ವ ಕೈ ಬಿಡದೆ ಹಿಡಿದು ಉಳಿಸಿದಳು ಎಂದು ಅದರಲ್ಲಿದೆ. ನಾನು ಬರೆಯುವುದಿಲ್ಲ ಎಂದೆ. ತನ್ನ ಹೊಗಳಿಕೆಯನ್ನು ತಾನೇ ಬರೆಯಲು ನಾಚುತ್ತಾಳೆ ಎಂದು ಅವ್ವ ತಿಳಿದಳು. ಅಣ್ಣಾ, ಆ ಮಾತು ಸುಳ್ಳು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ ಮುಗಿಸುವವರೆಗೆ ಸಿಟ್ಟಾಗಬೇಡ.

ನಮ್ಮ ಶಾಲೆಯಲ್ಲಿ ನನ್ನ ಜೊತೆ ಕಲಿಸುವ ಮುಮ್ತಾಜಬಿ ನಿನಗೆ ಗೊತ್ತು. ಅವಳ ಗಂಡ ಶಮಶೇರಸಾಬರು ಪೇಟೆಗೆ ಮೆಣಸಿನಕಾಯಿ ಹೇರುವ ಟೆಂಪೋ ಓಡಿಸುತ್ತಾರೆ. ಏಪ್ರಿಲ್ ಮೂವತ್ತು ರವಿವಾರ, ಮರುದಿನ ಮೇ ಒಂದರ ರಜೆ. ಎರಡು ದಿನ ಪೇಟೆ ಬಂದ್ ಇರುತ್ತದೆ, ಕುಮಟಾದಲ್ಲಿ ಅವರ ಅಕ್ಕನ ಮನೆಯಿದೆ, ಎಲ್ಲರೂ ಸಮುದ್ರ ನೋಡಿ ಬರೋಣ ಎಂದು ಅವಳೇ ಹೊರಡಿಸಿದಳು. ಇನ್ನೊಬ್ಬ ಗೆಳತಿ ಭರಮವ್ವನೂ ಹೊರಟಳು. ವೈನಿ ಸಮುದ್ರ ನೋಡಿರಲಿಲ್ಲ. ಕೇಳಲಿಲ್ಲ ಅವರು, ಆದರೆ ನಾನು ಬಟ್ಟೆ ಮಡಚಿಡುವಾಗ ಬಾಗಿಲಲ್ಲಿ ನಿಂತೇ ಇದ್ದರು. ಅವ್ವ ಒಪ್ಪಲಿಲ್ಲ. "ಗಂಡ ಊರಾಗಿಲ್ಲ, ಹರೇದ ಸೊಸಿನ ಅಷ್ಟ ದೂರ ಹೆಂಗ ಕಳಸಲಿ?" ಎಂದಳು. "ವೈನಿ ಜವಾಬ್ದಾರಿ ನಂದು, ನೀ ಸುಮ್ಮನಿರು" ಎಂದು ನಾನೇ ಹಟ ಮಾಡಿ ಕರೆದುಕೊಂಡು ಹೋದೆ.

ಟೆಂಪೋದ ಹಲಗೆಯ ಸಂದಿಯಲ್ಲೆಲ್ಲ ಮೆಣಸಿನಕಾಯಿಯ ಪುಡಿ. ಹಾನಗಲ್ಲು ದಾಟುವವರೆಗೂ ನಾವು ನಾಲ್ವರೂ ಸೀನಿದ್ದೇ ಸೀನಿದ್ದು. ಒಬ್ಬರು ಸೀನು ಮುಗಿಸಿದರೆ ಇನ್ನೊಬ್ಬರದು ಶುರು. ವೈನಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನಮ್ಮ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಮಧ್ಯಾಹ್ನ ದಾಟಿ ಕುಮಟಾ ಮುಟ್ಟಿದೆವು. ಕಟ್ಟಿಕೊಂಡು ಹೋಗಿದ್ದ ರೊಟ್ಟಿ, ಶೇಂಗಾ ಹಿಂಡಿ ಉಂಡು, ಶಮಶೇರಸಾಬರನ್ನು ಅಕ್ಕನ ಮನೆಯಲ್ಲಿ ಬಿಟ್ಟು, ನಾಲ್ಕು ಗಂಟೆಯ ಹೊತ್ತಿಗೆ ನಾವು ನಾಲ್ವರೇ ದಂಡೆಗೆ ಹೋದೆವು. ವೈನಿ ಕಣ್ಣ ಮೇಲೆ ಕೈ ಅಡ್ಡ ಹಿಡಿದು ನೀರಿನ ಆ ತುದಿಯನ್ನು ಹುಡುಕಿದರು. ಆಮೇಲೆ, "ಇದಕ್ಕ ಆಚೀ ದಂಡಿನ ಇಲ್ಲ ನೋಡು ಜಯಾ" ಎಂದರು, ಮಗುವಿನ ಹಾಗೆ.

ಗೆಳತಿಯರು ದಂಡೆಯಲ್ಲೇ ಕುಳಿತರು, ವೈನಿಯೂ ನಾನೂ ಮೊಣಕಾಲಿನವರೆಗೆ ನೀರಿಗಿಳಿದೆವು. ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎಂದು ಮುಂದಕ್ಕೆ ಎಳೆದವಳು ನಾನೇ. ತೆರೆ ಹಿಂದಕ್ಕೆ ಸರಿಯುವಾಗ ಕಾಲಡಿಯ ಉಸುಕು ಜಾರಿತು. ವೈನಿ ಮುಗ್ಗರಿಸಿದರು, ಸೀರೆ ಕಾಲಿಗೆ ಸುತ್ತಿಕೊಂಡಿತು. ನಾನು ಅವರ ಮುಂಗೈ ಹಿಡಿದೆ. ಮೊದಲನೆಯ ತೆರೆಗೆ ಹಿಡಿದೇ ಇದ್ದೆ. ಎರಡನೆಯದು ತಲೆಯ ಮೇಲಿಂದ ಬಂತು. ಮೂಗು, ಬಾಯಿಗೆಲ್ಲ ಉಪ್ಪು ನೀರು ತುಂಬಿತು, ಅವರ ಭಾರ ನನ್ನನ್ನೂ ಒಳಕ್ಕೆ ಎಳೆಯುತ್ತಿತ್ತು. ಆಗ ಬಿಟ್ಟೆ. ಕೈ ಜಾರಿತು ಎಂದು ಬರೆದರೆ ನೀನು ನಂಬುತ್ತೀಯ, ಆದರೆ ಜಾರಲಿಲ್ಲ. ನನ್ನ ಜೀವಕ್ಕೆ ಹೆದರಿ ನಾನೇ ಬೆರಳು ಬಿಚ್ಚಿದೆ. ನನ್ನ ಕಾಲಿಗೆ ನೆಲ ಸಿಕ್ಕಿತು. ತಿರುಗಿ ನೋಡಿದರೆ ವೈನಿಯ ತಲೆ ಅಷ್ಟು ದೂರದಲ್ಲಿ ಒಮ್ಮೆ ಕಂಡು ಮುಳುಗಿತು.

ಮುಮ್ತಾಜಬಿ ಮೇಡ್ಲೇರಿಯ ಹೊಳೆಯಲ್ಲಿ ಈಜಿ ಬೆಳೆದವಳು. ಉಟ್ಟ ಸೀರೆಯನ್ನು ದಂಡೆಯಲ್ಲೇ ಬಿಚ್ಚಿ ಎಸೆದು ನೀರಿಗೆ ಬಿದ್ದಳು. ಬಲೆ ಒಣಗಿಸುತ್ತಿದ್ದ ಒಬ್ಬ ಮುದುಕರು ಹಗ್ಗ ಹಿಡಿದು ಬಂದರು. ಇಬ್ಬರೂ ಸೇರಿ ವೈನಿಯನ್ನು ಎಳೆದು ತಂದು ಬೋರಲು ಮಲಗಿಸಿ ಬೆನ್ನು ಒತ್ತಿದರು. ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ವೈನಿ ವಾಂತಿ ಮಾಡಿ, ಕೆಮ್ಮಿ, ಕಣ್ಣು ಬಿಟ್ಟು ಮೊದಲು ನೋಡಿದ್ದು ನನ್ನ ಮುಖವನ್ನು.

ಮರುದಿನ ಮನೆಗೆ ಬಂದಾಗ ಅವರ ಕೈ ಮೇಲಿನ ತರಚು ಗಾಯ ಕಂಡು ಅವ್ವ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ವೈನಿ, "ತೆರಿ ಎಳಕೊಂಡು ಹೋಗಿತ್ತರಿ ಅತ್ತಿ, ಜಯಾ ನನ್ನ ಕೈ ಬಿಡಲಿಲ್ಲ" ಎಂದುಬಿಟ್ಟರು. ಓಣಿಯವರೆಲ್ಲ ಬಂದು ನನ್ನ ಬೆನ್ನು ತಟ್ಟಿ ಹೋದರು. ನಾನು ಸುಮ್ಮನಿದ್ದೆ. ಹನ್ನೆರಡು ದಿನ ಸುಮ್ಮನಿದ್ದೆ ಅಣ್ಣಾ. ಬಿಟ್ಟದ್ದಕ್ಕಿಂತ ಇದು ಹೆಚ್ಚಿನ ತಪ್ಪು ಎಂದು ಈಗ ಅನ್ನಿಸುತ್ತದೆ. ವೈನಿಯ ಮಾತನ್ನು ಮುಮ್ತಾಜಬಿಯಾಗಲಿ ಭರಮವ್ವನಾಗಲಿ ಯಾರ ಮುಂದೆಯೂ ಅಲ್ಲಗಳೆಯಲಿಲ್ಲ. ಶಾಲೆಗೆ ಬೇಸಿಗೆ ರಜೆ ಇತ್ತು, ಮುಮ್ತಾಜಬಿಯ ಮುಖ ನೋಡಲಾರದೆ ಅವಳ ಮನೆಯ ಕಡೆ ಹೋಗುವುದನ್ನೂ ಬಿಟ್ಟೆ.

ನಿನ್ನೆ ಶನಿವಾರ, ಸೊಸೆ ಉಳಿದು ಬಂದದ್ದಕ್ಕೆ ಕಾಯಿ ಒಡೆಸಿ ಬರುತ್ತೇನೆಂದು ಅವ್ವ ಕದರಮಂಡಲಗಿಯ ಹನುಮಪ್ಪನ ಗುಡಿಗೆ ಹೋದಳು. ನಾವಿಬ್ಬರೂ ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದೆವು. ಇನ್ನು ತಡೆಯಲಾಗದೆ, "ವೈನಿ, ನಾ ಅವತ್ತು ಕೈ ಬಿಟ್ಟೆ" ಎಂದೆ. ಅವರು ಕೈ ನಿಲ್ಲಿಸಲಿಲ್ಲ. "ನನಗ ಗೊತ್ತೈತಿ. ಬೆರಳ ಬಿಚ್ಚಿದ್ದು ತಿಳಿಯೂದಿಲ್ಲೇನ?" ಎಂದರು. ಮತ್ತೆ ಅವ್ವನ ಮುಂದೆ ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. "ಕಣ್ಣ ತೆರದಾಗ ನಿನ್ನ ಮಾರಿ ನೋಡಿದೆ. ಅದರ ಮ್ಯಾಲ ಅತ್ತಿನೂ ಬೈಯೂದು ಬ್ಯಾಡ ಅನಿಸ್ತು. ಆದ್ರ ನೀ ಇಷ್ಟ ದಿನ ನನಗೂ ಹೇಳಲಿಲ್ಲ ನೋಡು, ಅದಕ್ಕ ಸಿಟ್ಟ ಬಂದಿತ್ತು" ಎಂದರು. ಆಮೇಲೆ ಹಿಟ್ಟಿನ ಕೈಯಲ್ಲೇ ನನ್ನ ಕೈ ಹಿಡಿದುಕೊಂಡರು. ಸಂಜೆ ಅವ್ವ ಬಂದ ಮೇಲೆ ಅವಳಿಗೂ ಹೇಳಿದೆ. ಅವ್ವ ನನ್ನನ್ನು ಬೈಯಲಿಲ್ಲ. ಗುಡಿಯಿಂದ ತಂದ ಪ್ರಸಾದವನ್ನು ವೈನಿಗೆ ಕೊಟ್ಟು, "ಇದರಾಗ ಅರ್ಧಾ ಮುಮ್ತಾಜಬಿಗೆ ಒಯ್ದು ಕೊಡು" ಎಂದು ನನ್ನನ್ನೇ ಕಳಿಸಿದಳು. ಹೋಗಿ ಕೊಟ್ಟು ಬಂದೆ.

ಊಟ, ನಿದ್ದೆ ಸರಿಯಾಗಿ ಮಾಡು. ಅವ್ವ ನಿನ್ನ ತಲೆಯ ಮೇಲೆ ಕೈಯಿಟ್ಟ ಹಾಗೆ ತಿಳಿದುಕೊ ಎಂದು ಹೇಳಿದ್ದಾಳೆ. ನನ್ನನ್ನು ಕ್ಷಮಿಸಲು ಆದರೆ ಕ್ಷಮಿಸು, ಆಗದಿದ್ದರೆ ಅದನ್ನೂ ಬರೆ.

ನಿನ್ನ ತಂಗಿ,
ಜಯವ್ವ

ತಾ.ಕ.: ಪತ್ರ ಹಾಕಲು ಹೊರಟವಳು ಮತ್ತೆ ಕುಳಿತೆ. ಬರೆಯಬೇಡ ಎಂದು ವೈನಿ ಹೇಳಿದ್ದನ್ನು ಬರೆಯುತ್ತಿದ್ದೇನೆ. "ಮುಳುಗಿದಾಗ ನಿಮ್ಮಣ್ಣನ ಮಾರಿ ನೆನಸಾಕ ನೋಡಿದೆ ಜಯಾ, ಬರಲಿಲ್ಲ. ನಮ್ಮ ಹಡದವ್ವಂದು ಬಂತು, ಅಗಡಿಯೊಳಗ ನಮ್ಮ ತವರಮನಿ ಎತ್ತಿಂದು ಸೈತ ಬಂತು. ಅವರದು ಬರಲಿಲ್ಲ" ಎಂದು ಮಾಳಿಗೆಯ ಮೇಲೆ ಅತ್ತರು. ಮದುವೆಯಾಗಿ ಮೂರು ವರ್ಷವಾಯಿತು, ನೀನು ಮನೆಯಲ್ಲಿದ್ದದ್ದು ನೂರು ದಿನವೂ ತುಂಬಿಲ್ಲ. ಅವ್ವನ ಸಲುವಾಗಿ ಅಲ್ಲಿಯ ಕ್ವಾರ್ಟರ್ಸ್ ಬೇಡವೆಂದೆಯಂತೆ. ಅವ್ವನ ಹತ್ತಿರ ನಾನಿದ್ದೇನೆ, ಅವಳಿಗೆ ನಾನೇ ಹೇಳುತ್ತೇನೆ. ಲಗೂ ರಜೆ ಹಾಕಿ ಬಾ. ತಿರುಗಿ ಹೋಗುವುದಕ್ಕೆ ಎರಡು ಟಿಕೇಟು ಮಾಡಿಸಿಕೊಂಡೇ ಬಾ.