ಎಲ್ಲಮ್ಮನ ಕೊಳಗ

ಮುಕ್ಕಾಂ ಬೈಲಹೊಂಗಲ
ತಾ. ೨೧ ಫೆಬ್ರುವರಿ ೧೯೦೯

ಪ್ರೀತಿಯ ರಾಮಲಿಂಗಣ್ಣನಿಗೆ ಬಸಯ್ಯನ ಶರಣು.

ನೀನು, ವೈನಿ, ಕೂಸು ಎಲ್ಲರೂ ರಾಮದುರ್ಗದಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ಬಯ್ಯಬೇಡ. ಹಳ್ಳಿಯಲ್ಲಿ ಕುಳಿತು ಬರೆದರೆ ಹೆಡ್ ಮಾಸ್ತರರು ಇಣುಕಿ ನೋಡುತ್ತಾರೆ. ಇವತ್ತು ರವಿವಾರ, ಅಕ್ಕನ ಮನೆಗೆ ಬಂದಿದ್ದೇನೆ. ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿಬಿಡುತ್ತೇನೆ.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ನೀನು ಮಾಡಿದ ಪಾಠ ಇನ್ನೂ ಕಣ್ಣ ಮುಂದಿದೆ. ಹುಡುಗ ತಪ್ಪು ಹೇಳಿದಾಗ ನೀನು ಬಡಿಗೆ ಮುಟ್ಟಲಿಲ್ಲ. "ಹೆಂಗ ಮಾಡಿದೆಪಾ, ನನಗೂ ಹೇಳು" ಎಂದು ಅವನೆದುರು ಕುಳಿತುಬಿಟ್ಟೆಯಲ್ಲ! ಆದರೆ ಅಣ್ಣಾ, ಆ ಪಾಠ ನಾನು ಕಲಿಸುವ ಹಳ್ಳಿಯಲ್ಲಿ ಯಾರಿಗೂ ಬೇಡ. ನಮ್ಮ ಹೆಡ್ ಮಾಸ್ತರ ಭರಮಪ್ಪನವರಿಗೆ ಮಗ್ಗಿ ಓಣಿಯ ತುದಿಗೆ ಕೇಳಿಸಿದರೆ ಶಾಲೆ ನಡೆದ ಹಾಗೆ. ನಾನು ಮಕ್ಕಳ ಹತ್ತಿರ ಕುಳಿತರೆ ಸಾಕು, "ಏನ್ರಿ ಬಸಯ್ಯನವರ, ಕಲಸಾಕ ಬಂದೀರೋ, ಕಲಿಯಾಕ ಬಂದೀರೋ?" ಎಂದು ಎಲ್ಲರ ಮುಂದೆ ಹಂಗಿಸುತ್ತಾರೆ.

ಎರಡನೆಯ ಇಯತ್ತೆಯಲ್ಲಿ ಸತ್ಯವ್ವ ಎಂಬ ಹುಡುಗಿ. ಇಡೀ ಶಾಲೆಗೆ ಅವಳೊಬ್ಬಳೇ ಹೆಣ್ಣುಮಗಳು. ಹತ್ತು ಬಾರೆಹಣ್ಣಿನಲ್ಲಿ ಮೂರು ಕೊಟ್ಟರೆ ಏಳು ಎನ್ನುತ್ತಾಳೆ. ಹತ್ತು ಕೊಳಗ ಜೋಳದಲ್ಲಿ ಮೂರು ಕೊಟ್ಟರೆ ಆರು! ಕಾಳಿನ ಲೆಕ್ಕ ಬಂತೆಂದರೆ ಒಂದು ಕಡಿಮೆ. ಭರಮಪ್ಪನವರು ಅಂಗೈ ಕೆಂಪಾಗುವಂತೆ ಹೊಡೆದರು. ಮರುದಿನವೂ ಆರೇ.

ನಾನು ಅವಳೆದುರು ಕುಳಿತೆ. "ಆರು ಹೆಂಗ ಆತವಾ?"

"ಮೊದಲನೇ ಕೊಳಗ ಎಲ್ಲಮ್ಮಂದು ಅಲ್ರಿ ಮಾಸ್ತರ? ಅದನ್ನ ತಗದಿಟ್ಟಮ್ಯಾಲೆ ಉಳದದ್ದು ನಮ್ದು."

ಅವರ ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಎತ್ತಿಡುತ್ತಾರೆ. "ಪುಸ್ತಕದಾಗಿನ ರಾಶಿಗೆ ಎಲ್ಲಮ್ಮಂದು ಮೊದಲಽ ತಗದಿಟ್ಟಿರತಾರ" ಎಂದೆ.

"ಹಂಗಂತ ಪುಸ್ತಕದಾಗ ಬರದಿಲ್ಲಲ್ರಿ!"

ನನಗೆ ಕುಣಿಯಬೇಕೆನಿಸಿತು! ಕಡೆಗೆ ಪುಸ್ತಕದ ಮಟ್ಟಿಗೆ ನನ್ನ ಮಾತು ಒಪ್ಪಿಕೊಂಡಳು; ಅಲ್ಲಿಂದ ಪುಸ್ತಕದ ಒಂದು ಲೆಕ್ಕವೂ ಅವಳಿಗೆ ತಪ್ಪಲಿಲ್ಲ. ಅವಳಪ್ಪ ಪರಸಪ್ಪ ಮಾತ್ರ, "ಪಾಸಾದ್ರ ಸಾಲಿ, ಇಲ್ಲಂದ್ರ ದನಾ ಕಾಯ್ಲಿ" ಎಂದುಬಿಟ್ಟಿದ್ದ.

ಹೋದ ವಾರ ವಿದ್ಯಾಖಾತೆಯ ಡೆಪ್ಯುಟಿ ಸಾಹೇಬರು ಪರೀಕ್ಷೆಗೆ ಬಂದರು. ಅವರ ಕೈಯಲ್ಲಿ ಪುಸ್ತಕವಿರಲಿಲ್ಲ, ಬಾಯಿಲೆಕ್ಕ. "ಹನ್ನೆರಡು ಕೊಳಗ ಜೋಳದೊಳಗೆ ಐದು ಮಾರಿದರೆ ಉಳಿದದ್ದೆಷ್ಟು?" ಎಂದರು.

ಸತ್ಯವ್ವ ಕೈಕಟ್ಟಿ ನಿಂತು ಕೇಳಿದಳು: "ಎಲ್ಲಮ್ಮಂದು ತಗದಾರೋ, ಇನ್ನೂ ತಗಿಯೂದೈತೋ ರಿ?"

ಭರಮಪ್ಪನವರು ನಕ್ಕರು. ಅವರನ್ನು ನೋಡಿ ಹುಡುಗರೂ ನಕ್ಕರು. ಅವರವರ ಮನೆಯಲ್ಲೂ ಅದೇ ಕೊಳಗ ಎತ್ತಿಡುತ್ತಾರೆ, ಅಣ್ಣಾ! ಉತ್ತರ ಬಾಯಿಪಾಠ ಮಾಡಿದವರಿಗೆ ಅದು ನೆನಪಾಗುವುದಾದರೂ ಹೇಗೆ? ಸಾಹೇಬರು "ಇದು ಶಾಲೆಯೋ ಗುಡಿಯೋ?" ಎಂದು ನಾಪಾಸು ಬರೆದರು. ಹಾಗೇಕೆ ಕೇಳಿದೆ ಮಗಳೇ ಎಂದು ಒಬ್ಬರಾದರೂ ಕೇಳಬಾರದೇ? ಮೈಯೆಲ್ಲ ಉರಿಯುತ್ತದೆ.

ಅವತ್ತಿನಿಂದ ಅವಳು ಶಾಲೆಗೆ ಬಂದಿಲ್ಲ. ನಿನ್ನೆ ಅವರ ಮನೆಗೆ ಹೋಗಿ ಪರಸಪ್ಪನ ಕೈಹಿಡಿದು ಕೇಳಿಕೊಂಡೆ. ಅವನ ಮನಸ್ಸೂ ಕರಗಿತು. "ಇನ್ನೊಂದು ವರ್ಷ ನಾ ಕಳಸ್ತೇನ್ರಿ. ಅಕಿನಽ ಒಲ್ಲೆ ಅಂತಾಳ" ಎಂದ. ಅವಳು ಒಳಗಿನಿಂದ ಹೊರಗೆ ಬರಲೇ ಇಲ್ಲ.

ನಿನ್ನ ಹಾಗೆ ಕಲಿಸುವುದು ನನ್ನಿಂದಾಗದೋ ಏನೋ. ವೈನಿಗೆ ನಮಸ್ಕಾರ. ಕೂಸಿಗೆ ನೂರು ವರ್ಷ ಆಯುಷ್ಯವಿರಲಿ, ಒಳ್ಳೆಯ ಮಾಸ್ತರ ಸಿಗಲಿ.

ನಿನ್ನ ತಮ್ಮನಂಥ
ಬಸಯ್ಯ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಒಂದು ಮಾತು ನುಂಗಿಕೊಂಡಿದ್ದೆ. ಎಲ್ಲರೂ ನಗುತ್ತಿರುವಾಗ ಸಾಹೇಬರು ನನ್ನ ಕಡೆ ತಿರುಗಿ, "ಈ ಹುಡುಗಿ ಮಂದಬುದ್ಧಿಯವಳೇನು?" ಎಂದು ಕೇಳಿದರು. ಭರಮಪ್ಪನವರು ನನ್ನನ್ನೇ ನೋಡುತ್ತಿದ್ದರು. ನನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ. "ಹೌದ್ರಿ ಸಾಹೇಬ್ರ" ಎಂದೆ. ಅವಳು ನನ್ನ ಮಗ್ಗುಲಲ್ಲೇ ನಿಂತಿದ್ದಳು. ನಿನ್ನೆ ಹೊರಡುವಾಗ ಅವಳ ತಾಯಿ ಕರೆವ್ವ ಬಾಗಿಲತನಕ ಬಂದು ಹೇಳಿದಳು: "ಅಕಿ ಹೊಡತಕ್ಕ ಅಂಜಾಕಿ ಅಲ್ರಿ ಮಾಸ್ತರ. ನಿಮ್ಮ ಮುಂದ ಇನ್ನ ಬಾಯಿ ತಗಿಯೂದಿಲ್ಲ ಅಂತಾಳ."