ಖಲ್ಫಾನರ ಪಿಸ್ತೂಲಿನ ಹಿಡಿ

ಹಮ್ರಿಯಾ, 1994

ನನ್ನ ಧಣಿ ಖಲ್ಫಾನ್ ಅರ್ಬಾಬರೇ,

ಬದುಕಿದ್ದಾಗಲೂ ಅರಬರಾದ ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ. ಆದರೂ ಇವತ್ತಿನ ಸುದ್ದಿಯನ್ನು ನಿಮಗಲ್ಲದೆ ಬೇರೆ ಯಾರಿಗೆ ಹೇಳಲಿ?

ನಿಮ್ಮ ಮಗ ನನ್ನ ಮರಗೆಲಸದ ಅಂಗಡಿಗೆ ಬಂದಿದ್ದ. ನೀವು ಜೀವದಂತೆ ಕೂಡಿಟ್ಟ ಗುರಿ ಅಭ್ಯಾಸದ ಹಳೆಯ ಪಿಸ್ತೂಲುಗಳಲ್ಲಿ ಒಂದನ್ನು ತಂದಿದ್ದ. ಎಂಬತ್ತೈದರಲ್ಲಿ ನಾನು ಹೊಸ ಮರದ ಹಿಡಿ ಕೆತ್ತಿಕೊಟ್ಟೆನಲ್ಲ, ಅದೇ. ಬೆರಳಿನ ಗುಳಿಗಳ ಅಳತೆಗೆಂದು ನನ್ನ ಚಪಾತಿ ಹಿಟ್ಟನ್ನೇ ನಿಮ್ಮ ಮುಷ್ಟಿಯಲ್ಲಿ ಹಿಚುಕಿಸಿದ್ದೆ. ಇಸುಬುವಿಗೆ ಇವತ್ತು ಊಟವಿಲ್ಲ ಎಂದು ನೀವು ಕೆಮ್ಮು ಬರುವಷ್ಟು ನಕ್ಕಿದ್ದಿರಿ. ಒಂದು ಸಲಕ್ಕೆ ಒಂದೇ ಗುಂಡು ಹಾರಿಸುವ ಪಿಸ್ತೂಲು ನಿಮಗೇಕೆ ಎಂದು ಕೇಳಿದ್ದಕ್ಕೆ, ಇನ್ನೊಂದು ಇಲ್ಲವೆಂದು ಗೊತ್ತಿದ್ದರೆ ಮಾತ್ರ ಮನುಷ್ಯ ಸರಿಯಾಗಿ ಗುರಿ ಇಡುತ್ತಾನೆ ಎಂದಿರಿ.

ಮಗನ ಹೆಬ್ಬೆರಳು ನಿಮ್ಮ ಹೆಬ್ಬೆರಳಿನ ಗುಳಿಯಲ್ಲಿ ಕೂರಲಿಲ್ಲ. “ಇದರ್ ತೋಡಾ ಕಾಟೋ, ಖಲಾಸ್” ಎಂದ. ಇಲ್ಲಿ ಸ್ವಲ್ಪ ಕೆತ್ತಿದರೆ ಮುಗಿಯಿತಂತೆ, ಖಲಾಸಂತೆ! ಉಳಿ ಎತ್ತಿಕೊಂಡವನು ಕೆಳಗಿಟ್ಟೆ. ನಿನಗೆ ಹೊಸ ಹಿಡಿಯನ್ನೇ ಮಾಡಿಕೊಡುತ್ತೇನೆ, ಹಳೆಯದು ನನಗಿರಲಿ ಎಂದೆ. ಒಪ್ಪಿದ.

ಈಗ ಅದು ನನ್ನ ಮೇಜಿನ ಮೇಲಿದೆ. ಬೆರಳಿನ ಗುಳಿ ಒಂದೊಂದೂ ನಿಮ್ಮದೇ.

ಆಸ್ಪತ್ರೆಗೆ ಸೇರುವ ಮೊದಲು ನೀವು ಅಂಗಡಿಯ ಬಾಗಿಲಲ್ಲಿ ನಿಂತು ಕೈ ಚಾಚಿದ್ದಿರಿ. ನನ್ನ ಕೈಯೆಲ್ಲ ಅಂಟು. “ನೀವು ವಾಪಸ್ ಬಂದ ಮೇಲೆ ಕೈ ಕೊಡ್ತೇನೆ ಅರ್ಬಾಬ್” ಎಂದು ದೂರದಿಂದಲೇ ಸಲಾಂ ಹೇಳಿದ್ದೆ.

ಇವತ್ತು ಎರಡೆರಡು ಸಲ ಸಾಬೂನು ಹಾಕಿ ಕೈ ತೊಳೆದುಕೊಂಡು, ಆ ಹಿಡಿಯನ್ನು ಹಿಡಿದೆ.

ಇಸುಬು