ನಿನಾಂಗ್ ಪುರಿಂಗರ ಬಲಗೈ ಮತ್ತು ನಿಮ್ಮ ಪ್ರಯೋಗಾಲಯ

ಅಪರಾಧ ಪ್ರಯೋಗಾಲಯದ ಮುಖ್ಯಸ್ಥರೇ,

ಮಾನ್ಯರೇ, ನನ್ನ ಮದುವೆಯಾಗಿ ಐವತ್ತೊಂದು ದಿನಗಳಾದವು. ಅದರಲ್ಲಿ ಮೂವತ್ತಮೂರು ದಿನಗಳಿಂದ ನನ್ನ ಗಂಡ ಜೊವೆನ್ ಜೈಲಿನಲ್ಲಿದ್ದಾನೆ. ಕಾರಣ ನಿಮ್ಮ ವರದಿಯ ಒಂದೇ ಸಾಲು: “ಮೃತಳ ಬಲಗೈಯ ಹಿಂಭಾಗದಲ್ಲಿ ಶಂಕಿತನ ಚರ್ಮಕಣಗಳು ಪತ್ತೆ, ಆಕೆ ಆತನ ಮುಖಕ್ಕೆ ಹೊಡೆದು ಪ್ರತಿರೋಧಿಸಿರುವ ಸಾಧ್ಯತೆ.” ಇದನ್ನು ಬರೆದವರು ಅರೆಗಳಿಗೆ ಪೆನ್ನು ಕೆಳಗಿಟ್ಟು ತಮ್ಮ ಅಮ್ಮನನ್ನು ನೆನೆಸಿಕೊಂಡಿದ್ದರೆ ಸಾಕಿತ್ತು.

ಮದುವೆಯ ವಿಷಯ ಸ್ವಲ್ಪ ಹೇಳುತ್ತೇನೆ. ಕ್ಷಮಿಸಿ, ಹೇಳದೆ ಇರಲು ನನ್ನಿಂದಾಗದು. ಅಷ್ಟು ಚೆಂದದ ಮದುವೆ! ಜೊವೆನ್ ತನ್ನ ಬಾಡಿಗೆ ಟ್ರೈಸಿಕಲ್ಲಿಗೆ ಸಂಪಗೀತಾ ಹೂವಿನ ಮಾಲೆ ಸುತ್ತಿದ್ದ. ನನ್ನ ಬಿಳಿ ಗೌನು ಹೊಲಿದವರು ನಿನಾಂಗ್ ಪುರಿಂಗ್, ನಮ್ಮ ಮದುವೆಗೆ ನಿನಾಂಗ್, ಅಂದರೆ ಧರ್ಮತಾಯಿಯಾಗಿ ನಿಂತವರು. ಏಪ್ರಿಲಿನ ಸೆಖೆಯಲ್ಲಿ ಊಟ ಮುಗಿಸಿ ಅವರು ಹೊರಟಾಗ ನಾವಿಬ್ಬರೂ ಒಟ್ಟಿಗೆ ಬಾಗಿ, ಅವರ ಬಲಗೈ ಹಿಡಿದು, ಅದರ ಹಿಂಭಾಗವನ್ನು ಹಣೆಗೆ ಒತ್ತಿಕೊಂಡೆವು. “ದೇವರು ಒಳ್ಳೇದು ಮಾಡ್ಲಿ. ಇದೇನ್ರೋ, ಆಶೀರ್ವಾದ ತಗೊಳ್ತಿದ್ದೀರೋ, ನನ್ನ ಕೈಗೆ ಬೆವರು ಒರೆಸ್ತಿದ್ದೀರೋ?” ಎಂದು ನಕ್ಕರು.

ಐದು ಗಂಟೆಗೆ ಜೊವೆನ್ ಅವರನ್ನು ಮನೆಗೆ ಬಿಟ್ಟು ಬಂದ. ಏಳಕ್ಕೆ ಅವರ ಸೋದರ ಸೊಸೆ ಉಳಿದ ಅಡುಗೆ ಕೊಡಲು ಹೋದಾಗ, ನಿನಾಂಗ್ ಹೊಲಿಗೆ ಯಂತ್ರದ ಪಕ್ಕ ಸತ್ತು ಬಿದ್ದಿದ್ದರು. ಕತ್ತಿನ ಬಂಗಾರದ ಶಿಲುಬೆ ಇರಲಿಲ್ಲ.

ನಿಮ್ಮವರು ಬಂದರು. ಬಿಳಿ ಉಡುಪು, ಕೈಗವಸು, ಬೆರಳಚ್ಚಿನ ಪುಡಿ, ಸಾಲು ಸಾಲು ಸಂಖ್ಯೆಯ ಚೀಟಿಗಳು. ನೋಡಿ ನನಗೆ ಎಷ್ಟು ಧೈರ್ಯ ಬಂತೆಂದರೆ, ಇನ್ನು ಕೊಲೆಗಾರ ತಪ್ಪಿಸಿಕೊಳ್ಳಲಾರ ಎಂದುಕೊಂಡೆ. ಓಣಿಯ ಗಂಡಸರಿಂದ ಮಾತ್ರ ಬಾಯಿಯ ಜೊಲ್ಲಿನ ಮಾದರಿ ತೆಗೆದುಕೊಂಡರು. ನನ್ನದೂ ಬೇಕೇ ಎಂದು ಕೇಳಿದ್ದಕ್ಕೆ, ಇದು ಹೆಂಗಸರ ಕೆಲಸವಲ್ಲಮ್ಮ ಎಂದು ಹೇಳಿ ಕಳಿಸಿದರು. ಚರ್ಚಿನಲ್ಲಿ ಪ್ರಸಾದಕ್ಕೆ ಬಾಯಿ ತೆರೆಯುವಂತೆ ಎಲ್ಲರಿಗಿಂತ ಮೊದಲು ಬಾಯಿ ತೆರೆದವನು ಜೊವೆನ್.

ಹದಿನೆಂಟನೆಯ ದಿನ ಅವನನ್ನು ಒಯ್ದರು. ಅವನು ನಿನಾಂಗ್ ಮನೆಯತ್ತ ಹೋದದ್ದನ್ನು ಓಣಿಯ ಕ್ಯಾಮೆರಾ ಕಂಡಿದೆ, ಹಿಂತಿರುಗಿದ್ದನ್ನು ಕಂಡಿಲ್ಲ. ಅವನು ಬಂದದ್ದು ಪಾಸಿಗ್ ನದಿಯ ದಂಡೆಯ ಮೇಲಿನಿಂದ, ಅಲ್ಲಿ ಕ್ಯಾಮೆರಾವೇ ಇಲ್ಲ. ಯಂತ್ರದ ಕಣ್ಣಿಗೆ ಬೀಳದವನು ಮನೆಗೇ ಬಂದಿಲ್ಲವೆಂದು ಅರ್ಥವೇ? ಅವನು ಬಂದು ಪಾತ್ರೆ ತೊಳೆದದ್ದನ್ನು ಕಂಡ ಇಪ್ಪತ್ತು ಜನರಿಗೆ ಕಣ್ಣಿರಲಿಲ್ಲವೇ?

ನಿಮ್ಮ ವರದಿಯ ಇನ್ನೊಂದು ಸಾಲು ನನ್ನನ್ನು ಹೆಚ್ಚು ಕಾಡಿತು. ವಕೀಲರು ಪ್ರತಿ ಕೊಟ್ಟಾಗ ಓದಿದೆ: ಅದೇ ಕೈಯ ಮೇಲೆ “ಅಪರಿಚಿತ ಸ್ತ್ರೀಯೊಬ್ಬಳ” ಚರ್ಮಕಣಗಳೂ ಇವೆ, ತನಿಖೆಗೆ ಅಪ್ರಸ್ತುತ. ನಿಮಗೆ ಅಪ್ರಸ್ತುತ. ನನಗೆ? ಯಾರವಳು? ಜೊವೆನ್ ಜೊತೆ ಆ ಮನೆಯೊಳಗೆ ಹೋದವಳೇ? ನಾನವಳಿಗೆ ಮುಖ ಕೊಟ್ಟೆ, ಕೂದಲು ಕೊಟ್ಟೆ, ನಗು ಕೊಟ್ಟೆ. ಮಂಚದಲ್ಲಿ ಅವನು ಮಲಗಬೇಕಾದ ಜಾಗದಲ್ಲಿ ಅವಳು ಬಂದು ಮಲಗುತ್ತಿದ್ದಳು.

ಕೊಲೆಯಾದವರ ಶವಪೆಟ್ಟಿಗೆಯ ಗಾಜಿನ ಮೇಲೆ ನಾವು ಕೋಳಿಮರಿ ಬಿಡುತ್ತೇವೆ. ಅದು ಕುಕ್ಕಿದಂತೆಲ್ಲ ಕೊಂದವನ ಎದೆಯನ್ನು ಕುಕ್ಕುತ್ತದೆಂದು ನಂಬಿಕೆ. ಮಣ್ಣಾದ ಮೇಲೆ ಆ ಮರಿಯನ್ನು ನಾನೇ ತಂದು ಸಾಕಿಕೊಂಡೆ. ಈಗ ಅದಕ್ಕೆ ರೆಕ್ಕೆ ಬಲಿತಿದೆ. ಬೆಳಗಾದರೆ ನೆಲ ಕುಕ್ಕುತ್ತದೆ, ಟಕ್ ಟಕ್. ಅದು ಕುಕ್ಕಿದ್ದು ನನ್ನ ಗಂಡನ ಎದೆಯನ್ನೇ ಇರಬಹುದೇ ಎಂದು ಒಂದು ಬೆಳಿಗ್ಗೆ ನಾನು ಯೋಚಿಸಿದೆ. ಅದಕ್ಕಾಗಿ ನಿಮ್ಮನ್ನು ಕ್ಷಮಿಸಲಾರೆ.

ಜೈಲಿಗೆ ಹೋಗಿ, ಜಾಲರಿಯ ಆಚೆ ನಿಂತವನನ್ನು ಕೇಳಿಯೇಬಿಟ್ಟೆ: ನಿನಾಂಗ್ ನಿನಗೆ ಹೊಡೆದರಾ? ನಿನ್ನ ಜೊತೆ ಇದ್ದವಳು ಯಾರು?

ಅವನು ತಲೆ ಬಗ್ಗಿಸಿ ಹಣೆಯನ್ನು ಜಾಲರಿಗೆ ಒತ್ತಿದ.

“ಹೊಡೆದ್ರು ಕಣೆ, ಇಲ್ಲೇ. ಪಕ್ಕದಲ್ಲಿ ಬಿಳಿ ಗೌನು ಹಾಕ್ಕೊಂಡು ಒಬ್ಬಳು ನಿಂತಿದ್ದಳು, ಅವಳಿಗೂ ಹೊಡೆದ್ರು.”

ಮಾನ್ಯರೇ, ಅಲ್ಲಿಂದ ಮನೆಗೆ ಹೇಗೆ ಬಂದೆನೋ ತಿಳಿಯದು. ಅವತ್ತೇ ಸಂಜೆ ನಿಮ್ಮ ತನಿಖಾಧಿಕಾರಿ ಮನೆ ಶೋಧಿಸಲು ಬಂದರು. ಒಳ್ಳೆಯ ಮನೆತನದವರೇ ಇರಬೇಕು. ಬೀರು ತೆಗೆಯುವ ಮುನ್ನ ನನ್ನ ಲೋಲಾಳ ಕೈ ಹಿಡಿದು ಹಣೆಗೆ ಒತ್ತಿಕೊಂಡರು. ಎಂಬತ್ತಾರು ವರ್ಷದ ನನ್ನ ಅಜ್ಜಿ ಅವರ ಕೈ ಬಿಡಲೇ ಇಲ್ಲ.

“ದೇವರು ಒಳ್ಳೇದು ಮಾಡ್ಲಿ ಮಗಾ. ನಿನ್ನ ಹಣೆ ಬೆವರು ಈಗ ನನ್ನ ಕೈಮೇಲಿದೆ. ರಾತ್ರಿ ನಾನು ಸತ್ತರೆ ನಿನ್ನನ್ನೂ ಒಳಗೆ ಹಾಕ್ತಾರಾ?”

ಅವರು ನಗಲು ಹೋಗಿ ನಿಲ್ಲಿಸಿದರು. ಬೀರು ತೆಗೆಯದೆಯೇ ಹೊರಟುಹೋದರು. ಆದರೆ ವರದಿ ಹಾಗೆಯೇ ಇದೆ. ನೀವೂ ಭಾನುವಾರದ ಊಟಕ್ಕೆ ಹೋದಾಗ ಹಿರಿಯರ ಕೈಗೆ ಹಣೆ ಒತ್ತುವವರೇ ಅಲ್ಲವೇ? ಫಿಲಿಪಿನೊ ತಾಯಿಗೆ ಹುಟ್ಟಿದವರ್‍ಯಾರೂ ನಿಮ್ಮ ಪ್ರಯೋಗಾಲಯದಲ್ಲಿ ಕೆಲಸಕ್ಕಿಲ್ಲವೇ? ಇಲ್ಲಾ, ಬಿಳಿ ಕೋಟು ತೊಡುವಾಗ ಅಮ್ಮನನ್ನು ಗೂಟಕ್ಕೆ ನೇತುಹಾಕಿ ಒಳಗೆ ಹೋಗುತ್ತೀರೋ?

ವಿಜ್ಞಾನದ ಮೇಲೆ ನನಗೆ ಸಿಟ್ಟಿಲ್ಲ. ಯಂತ್ರ ಸುಳ್ಳು ಹೇಳಿಲ್ಲ. ಜೊವೆನ್ ಹಣೆ ಅವರ ಕೈಗೆ ತಾಗಿದೆ ಎಂದಷ್ಟೇ ಹೇಳಿದೆ. ಹೊಡೆತ ಎಂದದ್ದು ನೀವು. ನಿನಾಂಗ್ ಉಗುರಿನಡಿಯಿಂದ ತೆಗೆದ ಮಾದರಿಯ ಮುಂದೆ ನಿಮ್ಮ ವರದಿಯಲ್ಲಿ ಇಂದಿಗೂ “ಬಾಕಿ” ಎಂದಿದೆ. ಸಾಯುವಾಗ ಆ ಹೆಂಗಸು ಯಾರನ್ನು ಪರಚಿದರೋ ಅವನು ಹೊರಗೆ ಓಡಾಡಿಕೊಂಡಿದ್ದಾನೆ. ಅದನ್ನು ಪರೀಕ್ಷಿಸಿ, ಈ ವಾರವೇ.

ನನ್ನ ಮಾದರಿಯನ್ನೂ ತೆಗೆದುಕೊಳ್ಳಿ. ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿಮ್ಮ ಬಾಗಿಲಲ್ಲಿ, ನಿನಾಂಗ್ ಹೊಲಿದ ಅದೇ ಬಿಳಿ ಗೌನಿನಲ್ಲಿ ಬಾಯಿ ತೆರೆದು ನಿಂತಿರುತ್ತೇನೆ. ಹೊಂದಿಕೆಯಾದರೆ ಒಂದೋ ನನ್ನನ್ನೂ ಅವನ ಪಕ್ಕದ ಕೋಣೆಗೆ ಹಾಕಿ, ಇಲ್ಲವೇ ಅವನನ್ನು ಮನೆಗೆ ಕಳಿಸಿ.

ಇಂತಿ,
ಹದಿನೆಂಟು ದಿನ ಸಂಸಾರ ಮಾಡಿದ,
ತನಗೆ ತಾನೇ ಹೆದರಿಕೊಂಡ,
ನಿಮ್ಮ ವರದಿಯ ಅಪರಿಚಿತ ಸ್ತ್ರೀ
(ಮನೆಯಲ್ಲಿ ಕರೆಯುವ ಹೆಸರು ಮಾರಿಕಿತ್)